ಪಿಯುಸಿ ನಂತರ ಕಾನೂನು: ಐದು ವರ್ಷದ ಪದವಿಯೋ, ಮೂರು ವರ್ಷದ ಎಲ್‌ಎಲ್‌ಬಿಯೋ, ಅಪರಾಧಶಾಸ್ತ್ರವೋ?

ಒಂದು ಕೊಲೆ ಪ್ರಕರಣ ತೀರ್ಪಿನವರೆಗೆ ಬರುವಷ್ಟರಲ್ಲಿ ಎಷ್ಟು ಜನರ ಕೈ ಹಾಯ್ದಿರುತ್ತದೆ ಎಂದು ಎಣಿಸಿ ನೋಡಿ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸುವವರು, ಸ್ಥಳ ಮಹಜರು ನಡೆಸಿ ರಕ್ತದ ಕಲೆಯ ಬಟ್ಟೆಗೆ ಮೊಹರು ಹಾಕುವ ತನಿಖಾಧಿಕಾರಿ, ಅದೇ ಬಟ್ಟೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿ ಬರೆಯುವ ವಿಜ್ಞಾನಿ, ನ್ಯಾಯಾಲಯದಲ್ಲಿ ಸರ್ಕಾರದ ಪರ ನಿಲ್ಲುವ ಅಭಿಯೋಜಕರು, ಆರೋಪಿಯ ಪರ ಪಾಟೀಸವಾಲು ಮಾಡುವ ವಕೀಲರು, ತೀರ್ಪು ಬರೆಯುವ ನ್ಯಾಯಾಧೀಶರು, ಶಿಕ್ಷೆಯಾದರೆ ಮುಂದಿನ ವರ್ಷಗಳನ್ನು ನೋಡಿಕೊಳ್ಳುವ ಕಾರಾಗೃಹದ ಅಧಿಕಾರಿ. ಏಳು ಜನ. ಇವರಲ್ಲಿ ಕಾನೂನು ಪದವಿ ಇರಲೇಬೇಕಾದವರು ಮೂವರು ಮಾತ್ರ: ಅಭಿಯೋಜಕರು, ಆರೋಪಿಯ ವಕೀಲರು, ನ್ಯಾಯಾಧೀಶರು. ಉಳಿದ ನಾಲ್ವರಿಗೆ ದಾರಿ ಬೇರೆ.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನನ್ನ ಬಳಿ ಬರುವ ತಂದೆ ತಾಯಂದಿರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಕಾಲೇಜಿನದ್ದು. ಯಾವ ಕಾಲೇಜು ಒಳ್ಳೆಯದು, ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ. ನಾನು ಮಕ್ಕಳ ಕಡೆ ತಿರುಗಿ ಮೇಲಿನ ಏಳು ಜನರ ಕತೆ ಹೇಳುತ್ತೇನೆ. ಇವರಲ್ಲಿ ಯಾರ ಜಾಗದಲ್ಲಿ ನಿಲ್ಲುವ ಆಸೆ ಎಂದು ಕೇಳುತ್ತೇನೆ. ಉತ್ತರ ಹೊಳೆದರೆ ಕೋರ್ಸಿನ ಆಯ್ಕೆ ಅರ್ಧ ಮುಗಿದಂತೆ. ಹೊಳೆಯದಿದ್ದರೂ ಚಿಂತೆಯಿಲ್ಲ. ಆದರೆ ಆಗ ಆಯ್ಕೆ ಮಾಡುವ ರೀತಿ ಬೇರೆಯಾಗಬೇಕು.

ಮೊದಲು ಸನ್ನದಿನ ಮಾತು

ಈ ದೇಶದಲ್ಲಿ ನ್ಯಾಯಾಲಯದಲ್ಲಿ ನಿಂತು ವಾದಿಸಬೇಕಾದರೆ 1961ರ ವಕೀಲರ ಕಾಯ್ದೆಯ ಅಡಿಯಲ್ಲಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಹಳೆಯ ಮಾತಿನಲ್ಲಿ ಸನ್ನದು ಪಡೆಯುವುದು ಎನ್ನುತ್ತೇವೆ. ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾನೂನು ಪದವಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಪಿಯುಸಿ ಆದ ಮೇಲೆ ಐದು ವರ್ಷದ ಸಂಯುಕ್ತ ಪದವಿ (ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ, ಬಿಕಾಂ ಎಲ್‌ಎಲ್‌ಬಿ ಇತ್ಯಾದಿ) ಒಂದು ದಾರಿ. ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಇನ್ನೊಂದು. ಮೂರನೆಯ ದಾರಿ ಇಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅಪರಾಧಶಾಸ್ತ್ರದಲ್ಲಿ ಬಿಎ, ವಿಧಿವಿಜ್ಞಾನದಲ್ಲಿ (ಫೊರೆನ್ಸಿಕ್ ಸೈನ್ಸ್) ಬಿಎಸ್‌ಸಿ, ಅಪರಾಧ ನ್ಯಾಯ ವ್ಯವಸ್ಥೆಯ ಹೆಸರು ಹೊತ್ತ ಪದವಿಗಳು ಈಗ ಹಲವು ಕಡೆ ಇವೆ. ಒಳ್ಳೆಯ ಪದವಿಗಳೇ. ಆದರೆ ಅವುಗಳಿಂದ ಸನ್ನದು ಸಿಗುವುದಿಲ್ಲ. ಪಠ್ಯದಲ್ಲಿ ದಂಡ ಸಂಹಿತೆ ಇದೆ, ಸಾಕ್ಷ್ಯ ಕಾನೂನು ಇದೆ ಎಂದು ನಂಬಿ ಸೇರಿ, ಮೂರನೆಯ ವರ್ಷದಲ್ಲಿ ಸತ್ಯ ತಿಳಿದು ಕಣ್ಣೀರು ಹಾಕಿದ ವಿದ್ಯಾರ್ಥಿನಿಯೊಬ್ಬಳನ್ನು ನಾನು ಬಲ್ಲೆ. ಪ್ರವೇಶದ ದಿನ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಆ ದಿನ ಒಂದು ಸಾಲು ಹೇಳಿದ್ದರೆ ಸಾಕಿತ್ತು.

ಇನ್ನೆರಡು ಬೇಲಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಚೆ ತೆರಪಿನ ಮೂಲಕ ಪಡೆದ ಕಾನೂನು ಪದವಿಗೆ ಸನ್ನದು ಇಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಐದು ವರ್ಷದ ಕೋರ್ಸಿಗೆ ಪಿಯುಸಿಯಲ್ಲಿ ಮತ್ತು ಮೂರು ವರ್ಷದ್ದಕ್ಕೆ ಪದವಿಯಲ್ಲಿ, ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಇತರ ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು.

ಐದೋ, ಮೂರೋ?

ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. ಲೆಕ್ಕದಿಂದಲೇ ಆರಂಭಿಸೋಣ. ಹದಿನೆಂಟಕ್ಕೆ ಪಿಯುಸಿ ಮುಗಿಸಿದವರು ಐದು ವರ್ಷದ ಕೋರ್ಸಿಗೆ ಸೇರಿದರೆ ಇಪ್ಪತ್ತಮೂರಕ್ಕೆ ವಕೀಲರು. ಬಿಎ ಅಥವಾ ಬಿಕಾಂ ಮಾಡಿ ಆಮೇಲೆ ಎಲ್‌ಎಲ್‌ಬಿಗೆ ಸೇರಿದರೆ ಇಪ್ಪತ್ತನಾಲ್ಕಕ್ಕೆ. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ ಈ ಲೆಕ್ಕ ನಿಲ್ಲುತ್ತದೆ. ವ್ಯತ್ಯಾಸ ಬರೀ ಒಂದು ವರ್ಷ. ಇಷ್ಟು ಸಣ್ಣ ಅಂತರಕ್ಕಾಗಿ ಹದಿನೆಂಟರ ಮಗುವನ್ನು ಅವಸರಪಡಿಸುವ ಮನೆಗಳನ್ನು ಕಂಡಾಗ ನನಗೆ ನೋವಾಗುತ್ತದೆ.

ಅವಸರ ಬೇಡ ಎನ್ನುವುದಕ್ಕೆ ಗಟ್ಟಿಯಾದ ಕಾರಣ ನಿಯಮದಲ್ಲೇ ಇದೆ. ಐದು ವರ್ಷದ ಸಂಯುಕ್ತ ಕೋರ್ಸಿಗೆ ನಡುವೆ ಪ್ರವೇಶವೂ ಇಲ್ಲ, ನಡುವೆ ನಿರ್ಗಮನವೂ ಇಲ್ಲ. ಮೂರು ವರ್ಷ ಓದಿ, ಇದು ನನಗೆ ಒಗ್ಗುವುದಿಲ್ಲ ಎಂದು ಹೊರಟರೆ ಕೈಗೆ ಬಿಎ ಪ್ರಮಾಣಪತ್ರ ಬರುವುದಿಲ್ಲ. ಎರಡು ಪದವಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಲಾಗಿದೆ. ಅರ್ಧ ಬಿಚ್ಚಲು ಬರುವುದಿಲ್ಲ. ಮೂರು ವರ್ಷದ ದಾರಿಯಲ್ಲಿ ಹಾಗಿಲ್ಲ. ಕಾನೂನು ಬೇಡವೆನಿಸಿದ ದಿನವೂ ಮೊದಲ ಪದವಿ ನಿಮ್ಮದೇ.

ಇನ್ನೊಂದು ಮಗ್ಗುಲನ್ನೂ ನ್ಯಾಯವಾಗಿ ನೋಡಬೇಕು. ಐದು ವರ್ಷದ ಕೋರ್ಸಿನ ಬಲ ಅದರ ಒಗ್ಗಟ್ಟಿನಲ್ಲಿದೆ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕಾನೂನಿನ ಪಕ್ಕದಲ್ಲೇ ಇಟ್ಟು ಓದಿದಾಗ ಸಂವಿಧಾನದ ಪಾಠ ಬೇರೆಯೇ ಆಳಕ್ಕೆ ಇಳಿಯುತ್ತದೆ. ಇಂಟರ್ನ್‌ಶಿಪ್‌ಗೂ ಸಮಯ ಹೆಚ್ಚು: ನಿಯಮದ ಪ್ರಕಾರ ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ ಕನಿಷ್ಠ 20 ವಾರ. ದೊಡ್ಡ ಕಾನೂನು ಸಂಸ್ಥೆಗಳು ಹೊಸಬರನ್ನು ಆರಿಸಿಕೊಳ್ಳುವುದು ಬಹುಪಾಲು ಐದು ವರ್ಷದ ಕೋರ್ಸಿನ ಅಂತಿಮ ವರ್ಷಗಳಿಂದಲೇ. ಕಂಪನಿ ಕಾನೂನು, ಮಧ್ಯಸ್ಥಿಕೆ, ಬೌದ್ಧಿಕ ಆಸ್ತಿಯ ಹಕ್ಕುಗಳ ಕಡೆ ಮನಸ್ಸು ಖಚಿತವಾಗಿದ್ದವರಿಗೆ ಐದು ವರ್ಷವೇ ಸರಿ.

ಜಿಲ್ಲಾ ನ್ಯಾಯಾಲಯದ ವಕೀಲಿ ವೃತ್ತಿಗೆ ಬರುವವರ ವಿಷಯದಲ್ಲಿ ನನ್ನ ಒಲವು ಮೂರು ವರ್ಷದ ಕಡೆಗಿದೆ. ಇದು ನನ್ನ ಅಭಿಪ್ರಾಯ, ನಿಯಮವಲ್ಲ. ಬಿಕಾಂ ಮಾಡಿ ಬಂದವರು ಚೆಕ್ ಅಮಾನ್ಯದ ಪ್ರಕರಣದಲ್ಲಿ ಲೆಕ್ಕಪತ್ರವನ್ನು ಓದುವ ರೀತಿಯೇ ಬೇರೆ. ಬಿಎಸ್‌ಸಿ ಮಾಡಿದವರಿಗೆ ಮರಣೋತ್ತರ ಪರೀಕ್ಷೆಯ ವರದಿ ಅಪರಿಚಿತ ಕಾಗದವಾಗಿ ಕಾಣುವುದಿಲ್ಲ. ಕೃಷಿ ಓದಿದವರು ಪಹಣಿ, ಪೋಡಿ, ಸರ್ವೆ ನಕಾಶೆಗಳ ವ್ಯಾಜ್ಯದಲ್ಲಿ ಕಕ್ಷಿದಾರನ ಮಾತನ್ನು ಅರ್ಧಕ್ಕೇ ಗ್ರಹಿಸುತ್ತಾರೆ. ಕಾನೂನಿಗೆ ಮುಂಚೆ ಬದುಕಿನ ಒಂದು ಮೂಲೆಯನ್ನಾದರೂ ಚೆನ್ನಾಗಿ ಬಲ್ಲವರು ಸಾಕ್ಷಿಯನ್ನು ಪ್ರಶ್ನಿಸುವಾಗ ಆ ತಿಳಿವಳಿಕೆ ಅವರ ನೆರವಿಗೆ ಬರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಎರಡೂ ದಾರಿಗಳಿಗೆ ಸಮಾನವಾದ ಒಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ. ಪರಿಷತ್ತು ನಿಗದಿಪಡಿಸಿದ ಕಡ್ಡಾಯ ಕಾನೂನು ವಿಷಯಗಳು 20, ಅವುಗಳ ಜೊತೆಗೆ ಪ್ರಾಯೋಗಿಕ ಪತ್ರಿಕೆಗಳು ನಾಲ್ಕು. ಈ ಇಪ್ಪತ್ತರಲ್ಲಿ ಅಪರಾಧಕ್ಕೆ ನೇರವಾಗಿ ಸಂಬಂಧಿಸಿದವು ಮೂರು: ಅಪರಾಧ ಕಾನೂನು, ಅದರ ಕಾರ್ಯವಿಧಾನ, ಸಾಕ್ಷ್ಯ ಕಾನೂನು. ಉಳಿದದ್ದೆಲ್ಲ ಒಪ್ಪಂದ, ಆಸ್ತಿ, ಕುಟುಂಬ, ಕಾರ್ಮಿಕ, ತೆರಿಗೆ, ಕಂಪನಿ, ಪರಿಸರ, ಸಂವಿಧಾನ. ಅಪರಾಧದ ಕತೆಗಳಿಂದ ಸೆಳೆಯಲ್ಪಟ್ಟು ಮಾತ್ರ ಕಾನೂನಿಗೆ ಬಂದವರು ಆಸ್ತಿ ವರ್ಗಾವಣೆ ಕಾಯ್ದೆಯ ಮುಂದೆ ಕುಳಿತಾಗ ಕಂಗಾಲಾಗುವುದು ಇದರಿಂದಲೇ. ನಿಮ್ಮ ಕುತೂಹಲವಿರುವುದು ಅಪರಾಧದಲ್ಲಿಯೋ ಕಾನೂನಿನಲ್ಲಿಯೋ ಎಂಬುದನ್ನು ಸೇರುವ ಮುನ್ನವೇ ಕೇಳಿಕೊಳ್ಳಿ.

ಕುತೂಹಲ ಅಪರಾಧದ ಕಡೆಗಿದ್ದರೆ

ಮನುಷ್ಯ ಯಾಕೆ ಅಪರಾಧ ಮಾಡುತ್ತಾನೆ, ಶಿಕ್ಷೆ ಅವನನ್ನು ಬದಲಿಸುತ್ತದೆಯೇ, ಬಾಲಕನೊಬ್ಬ ಮೊದಲ ಕಳ್ಳತನದಿಂದ ಎರಡನೆಯದಕ್ಕೆ ಹೋಗದಂತೆ ತಡೆಯುವುದು ಹೇಗೆ? ಇಂಥ ಪ್ರಶ್ನೆಗಳು ನಿಮ್ಮನ್ನು ಕಾಡುತ್ತಿದ್ದರೆ ಅಪರಾಧಶಾಸ್ತ್ರ ನಿಮ್ಮ ವಿಷಯ. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು ಮೂರೂ ಕೂಡುವ ಜಾಗ ಅದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆಂದೇ ಸ್ನಾತಕೋತ್ತರ ವಿಭಾಗವಿದೆ. ಪೊಲೀಸ್ ಇಲಾಖೆ, ಕಾರಾಗೃಹ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ಹುದ್ದೆ, ಮಕ್ಕಳ ರಕ್ಷಣೆಯ ಸಂಸ್ಥೆಗಳು, ಸಂಶೋಧನೆ ಈ ಓದಿಗೆ ಹೊಂದುವ ಕ್ಷೇತ್ರಗಳು. ಆದರೆ ಒಂದು ಎಚ್ಚರಿಕೆ: ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ಸಾಕು. ಅಪರಾಧಶಾಸ್ತ್ರ ಓದಿದರೆ ನೇಮಕಾತಿಯಲ್ಲಿ ತಾನಾಗಿಯೇ ಮುಂದೆ ನಿಲ್ಲುತ್ತೇವೆ ಎಂದು ಎಣಿಸಬೇಡಿ. ಆ ಓದಿನ ಫಲ ಕೆಲಸ ಸಿಕ್ಕ ಮೇಲೆ, ಕೆಲಸದ ಗುಣದಲ್ಲಿ ಕಾಣುತ್ತದೆ.

ವಿಧಿವಿಜ್ಞಾನದ ಸ್ಥಿತಿ ಇತ್ತೀಚೆಗೆ ಬದಲಾಗಿದೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಬಂದವು. ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ತಜ್ಞರ ಅಗತ್ಯ ಹೆಚ್ಚಲೇಬೇಕು ಎಂಬುದು ಈ ಒಂದು ಸಾಲಿನಿಂದಲೇ ತಿಳಿಯುತ್ತದೆ. 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಗಾಂಧಿನಗರದಲ್ಲಿದೆ; ಧಾರವಾಡದಲ್ಲಿಯೂ ಅದರ ಆವರಣವಿದೆ. ನೆನಪಿರಲಿ, ಪ್ರಯೋಗಾಲಯದ ಕೆಲಸಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಲಾ ವಿಭಾಗದವರಿಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ.

ಅಪರಾಧಶಾಸ್ತ್ರ ಅಥವಾ ವಿಧಿವಿಜ್ಞಾನದ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡುವವರು ಬಹಳ ಕಡಿಮೆ. ನನ್ನ ಮಟ್ಟಿಗೆ ಇದು ಕ್ರಿಮಿನಲ್ ವಕೀಲರಾಗುವವರಿಗೆ ಅತ್ಯುತ್ತಮ ಜೋಡಣೆ. ಡಿಎನ್‌ಎ ವರದಿಯ ಮೇಲೆ ತಜ್ಞಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕಾದಾಗ, ಮಾದರಿಯನ್ನು ಯಾರು ಯಾವಾಗ ಯಾರ ಕೈಗೆ ಕೊಟ್ಟರು, ಮೊಹರು ಎಲ್ಲಿ ಒಡೆಯಿತು ಎಂಬ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಬಲ್ಲ ವಕೀಲರು ಬೆರಳೆಣಿಕೆಯಷ್ಟು. ನಿರಪರಾಧಿಯೊಬ್ಬನ ಇಡೀ ಬದುಕು ಆ ಪ್ರಶ್ನೆಗಳ ಮೇಲೆ ನಿಂತಿರಬಹುದು.

ಕಾಲೇಜನ್ನು ಅಳೆಯುವುದು

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1980ರ ದಶಕದ ಕೊನೆಯಲ್ಲಿ ಐದು ವರ್ಷದ ಕೋರ್ಸನ್ನು ಆರಂಭಿಸಿ ದೇಶಕ್ಕೆ ಮಾದರಿಯಾಯಿತು. 2022ರಿಂದ ಅಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಆನರ್ಸ್ ಕೂಡ ಇದೆ, ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆ. ಐದು ವರ್ಷದ ಪ್ರವೇಶಕ್ಕೆ ಕ್ಲ್ಯಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆಯಬೇಕು: ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಬುದ್ಧಿವಂತ ಮಕ್ಕಳು ಇಲ್ಲಿ ಎಡವುವುದು ಕಾನೂನಿನ ಅರಿವಿನಲ್ಲಲ್ಲ, ಓದುವ ವೇಗದಲ್ಲಿ. ಈ ಅನ್ಯಾಯ ನನ್ನನ್ನು ಇಂದಿಗೂ ಕೆಣಕುತ್ತದೆ. ಗುರಿ ಕ್ಲ್ಯಾಟ್ ಆಗಿದ್ದರೆ ಪ್ರಥಮ ಪಿಯುಸಿಯಿಂದಲೇ ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದುವ ಅಭ್ಯಾಸ ಬೇಕು. ರಾಷ್ಟ್ರೀಯ ಕಾನೂನು ಶಾಲೆಯ ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದ್ದು. ಸಾಲ ಮಾಡಿ ಓದಿದರೆ ಮುಂದೆ ಜಿಲ್ಲಾ ನ್ಯಾಯಾಲಯದ ಆರಂಭದ ವರ್ಷಗಳ ಆದಾಯದಲ್ಲಿ ಕಂತು ಕಟ್ಟುವುದು ಕಷ್ಟ, ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಕರ್ನಾಟಕದ ಬಹುಪಾಲು ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ವಿಶ್ವವಿದ್ಯಾಲಯ ಒಂದೇ, ಪಠ್ಯವೂ ಒಂದೇ, ಕಾಲೇಜುಗಳ ನಡುವಿನ ಅಂತರ ಮಾತ್ರ ಅಜಗಜಾಂತರ. ಕಟ್ಟಡ ನೋಡಿ ಮರುಳಾಗಬೇಡಿ. ಪ್ರಾಯೋಗಿಕ ಪತ್ರಿಕೆಗಳಲ್ಲೊಂದರ ಅಂಗವಾಗಿ ವಿದ್ಯಾರ್ಥಿಗಳು ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕುಳಿತು ನೋಡಿ ದಿನಚರಿ ಬರೆಯಬೇಕು. ಅಂತಿಮ ವರ್ಷದವರನ್ನು ಕಂಡು, ಆ ದಿನಚರಿಯನ್ನು ನ್ಯಾಯಾಲಯದಲ್ಲಿ ಬರೆದಿರೋ, ಹಾಸ್ಟೆಲಿನಲ್ಲಿ ನಕಲು ಮಾಡಿದಿರೋ ಎಂದು ಕೇಳಿ. ಅವರ ಮುಖವೇ ಕಾಲೇಜಿನ ಗುಣ ಹೇಳುತ್ತದೆ. ವಕೀಲರ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂಬುದನ್ನು ಕಾಗದದಲ್ಲೇ ನೋಡಿ, ಬಾಯಿಮಾತಿಗೆ ಒಪ್ಪಬೇಡಿ.

ಇಂಗ್ಲಿಷಿಗೆ ಹೆದರಿ ಕಾನೂನನ್ನೇ ಬಿಡುವವರಿಗೆ ಒಂದು ಮಾತು. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಭಾಷೆ ಇಂಗ್ಲಿಷ್ ಎನ್ನುತ್ತದೆ ಸಂವಿಧಾನದ 348ನೆಯ ವಿಧಿ. ಆದರೆ ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲಿ, ಪಾಟೀಸವಾಲು ನಡೆಯುವುದು ಕನ್ನಡದಲ್ಲಿ. ವಕೀಲರ ಅರ್ಹತೆಗೆ ಪರಿಷತ್ತು ನಡೆಸುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ತೀರ್ಪುಗಳನ್ನು ಓದಲು ಇಂಗ್ಲಿಷ್ ಬೇಕೇ ಬೇಕು, ಅದನ್ನು ಐದಾರು ವರ್ಷಗಳಲ್ಲಿ ಕಲಿಯಬಹುದು. ಸಾಕ್ಷಿಯ ಮಾತಿನ ಒಳದನಿ ಹಿಡಿಯುವ ಕನ್ನಡವನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಅದು ನಿಮ್ಮ ಬಳಿ ಈಗಾಗಲೇ ಇದೆ.

ಪದವಿಯ ಆಚೆಯ ವರ್ಷಗಳು

ಸನ್ನದಿನ ಶುಲ್ಕ ಈ ಹಿಂದೆ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ, ಕೆಲವೆಡೆ ಹತ್ತಾರು ಸಾವಿರ. ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಡ ಮನೆಯ ಮಕ್ಕಳಿಗೆ ಇದು ಸಣ್ಣ ಸಮಾಧಾನವಲ್ಲ.

ಆಮೇಲಿನದು ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯರಾಗಿ ದುಡಿಯುವ ಕಾಲ. ಕಡತ ಕಟ್ಟುವುದು, ವಾಯಿದೆ ಪಡೆಯುವುದು, ಸಾಕ್ಷಿಗೆ ಸಮನ್ಸ್ ತಲುಪಿತೇ ನೋಡುವುದು. ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಶಿಫಾರಸು ಮಾಡಿತು. ಶಿಫಾರಸು ಎಂಬ ಪದವನ್ನು ಗಮನಿಸಿ. ವಾಸ್ತವದಲ್ಲಿ ಅಷ್ಟು ಕೊಡುವ ಕಚೇರಿಗಳನ್ನು ಹುಡುಕಬೇಕು. ಮೊದಲ ಎರಡು ಮೂರು ವರ್ಷ ಮನೆಯ ಆಸರೆ ಸಿಗುತ್ತದೆಯೇ ಎಂಬುದು ಕೋರ್ಸಿನ ಆಯ್ಕೆಯಷ್ಟೇ ಮುಖ್ಯ ಪ್ರಶ್ನೆ.

ನ್ಯಾಯಾಧೀಶರಾಗುವ ಆಸೆಯವರು 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪನ್ನು ತಿಳಿದಿರಬೇಕು. ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಯನ್ನು ಅದು ಮತ್ತೆ ಕಡ್ಡಾಯ ಮಾಡಿತು. ಪದವಿ ಮುಗಿದ ಕೂಡಲೇ ಪರೀಕ್ಷೆ ಬರೆದು ಪೀಠ ಏರುವ ಕನಸಿನಿಂದ ಐದು ವರ್ಷದ ಕೋರ್ಸನ್ನು ಆರಿಸಿಕೊಳ್ಳುತ್ತಿದ್ದವರ ಲೆಕ್ಕ ಇದರಿಂದ ಬದಲಾಗಿದೆ. ಸೆಷನ್ಸ್ ನ್ಯಾಯಾಲಯದ ಸರ್ಕಾರಿ ಅಭಿಯೋಜಕರಾಗಲು ಏಳು ವರ್ಷದ ವಕೀಲಿ ಬೇಕು. ಆರೋಪಿಗಳ ಪರ ನಿಲ್ಲುವ ಮನಸ್ಸಿದ್ದವರಿಗೆ ಇನ್ನೊಂದು ಜಾಗವಿದೆ: ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆಯಂತೆ ಜಿಲ್ಲೆಗಳಲ್ಲಿ ಕಾನೂನು ನೆರವಿನ ರಕ್ಷಣಾ ವಕೀಲರ ಕಚೇರಿಗಳು ಬಂದಿವೆ. ಅಲ್ಲಿ ಪೂರ್ಣಾವಧಿಯ ಕೆಲಸ, ಬಡ ಆರೋಪಿಗಳ ಪ್ರಕರಣಗಳು. ಹೊಸಬರು ಕಲಿಯಲು ಇಷ್ಟು ಒಳ್ಳೆಯ ಜಾಗ ನನ್ನ ಕಾಲದಲ್ಲಿ ಇರಲಿಲ್ಲ.

ಈ ವರ್ಷ ನನ್ನ ಬಳಿ ಬಂದ ಮೂವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ವಿಜ್ಞಾನದಲ್ಲಿ ಪಿಯುಸಿ ಮುಗಿಸಿ, ಮಾತಿಗಿಂತ ಸೂಕ್ಷ್ಮದರ್ಶಕದ ಕಡೆ ಒಲವಿರುವ ಹುಡುಗಿಗೆ ವಿಧಿವಿಜ್ಞಾನದ ಬಿಎಸ್‌ಸಿ ಹೇಳಿದೆ. ಕಾನೂನು ಬೇಕೆನಿಸಿದರೆ ಮೂರು ವರ್ಷದ ದಾರಿ ಅವಳಿಗೆ ತೆರೆದೇ ಇರುತ್ತದೆ. ವಾಣಿಜ್ಯ ಓದಿ, ಕಂಪನಿ ಕಾನೂನಿನ ಬಗ್ಗೆ ಅರ್ಧ ಗಂಟೆ ನಿಲ್ಲದೆ ಮಾತಾಡಿದ ಹುಡುಗನಿಗೆ ಐದು ವರ್ಷದ ಬಿಬಿಎ ಎಲ್‌ಎಲ್‌ಬಿ. ಇಪ್ಪತ್ತೇಳರ ಹರೆಯದ, ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿರುವ ಬಿಕಾಂ ಪದವೀಧರರು ಕೆಲಸ ಬಿಡದೆ ಎಲ್‌ಎಲ್‌ಬಿ ಮಾಡಿ ವಕೀಲರಾಗಬಹುದೇ ಎಂದು ಕೇಳಿದರು. ಪರಿಷತ್ತಿನ ನಿಯಮ ಶೇ. 70 ಹಾಜರಾತಿ ಕೇಳುತ್ತದೆ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ, ಎಂದಾದರೂ ಒಂದು ದಿನ ನೌಕರಿ ಬಿಡಲೇಬೇಕು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ವರ್ಷದ ಮನೆಖರ್ಚು ಕೂಡಿಟ್ಟ ಮೇಲೆ ಬರುತ್ತೇನೆ ಎಂದು ಎದ್ದರು.